ಎತ್ತು ಏರಿದ ಗಾಡಿ

ಎಳೆಯುವುದು ಎತ್ತಿನ ಕೆಲಸ, ಎಳೆಸಿಕೊಳ್ಳುವುದು ಗಾಡಿಯ ಕೆಲಸ. ಎಷ್ಟೋ ಶತಮಾನಗಳ ಕಾಲ ಈ ಏರ್ಪಾಡಿನ ವಿಷಯದಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಗಾಡಿಯೇ ಎತ್ತನ್ನು ಹೊತ್ತು ನಡೆಯುವ ಕಾಲ ಬಂದೀತೆಂದು ನಮ್ಮ ಅಜ್ಜಂದಿರಿಗೆ ಯಾರಾದರೂ ಹೇಳಿದ್ದರೆ ಅವರು ನಕ್ಕು, ಎಲೆಯಡಿಕೆಯ ಚಂಚಿ ಬಿಚ್ಚಿ, ಬೇರೆ ಮಾತು ತೆಗೆಯುತ್ತಿದ್ದರು. ಆದರೆ ಆ ಕಾಲ ಬಂದಿದೆ. ದೀಪಾವಳಿಯಿಂದ ಮುಂದಕ್ಕೆ ಎರಡು ಮೂರು ತಿಂಗಳು ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಯಾವುದಾದರೊಂದು ರಸ್ತೆಯ ಬದಿಗೆ ಒಂದು ಗಳಿಗೆ ನಿಂತು ನೋಡಿರಿ. ಪುಟ್ಟ ಸರಕು ವಾಹನವೊಂದು ಬರುತ್ತದೆ. ಅದರ ಹಿಂದಿನ ತೊಟ್ಟಿಯಲ್ಲಿ, ಕೊಂಬಿಗೆ ಬಣ್ಣ ಬಳಿಸಿಕೊಂಡು, ಹಣೆಗೆ ಕುಂಕುಮವಿಡಿಸಿಕೊಂಡು, ದಾರಿಯೆಲ್ಲ ತನ್ನದೇ ಎಂಬಂತೆ ನೋಡುತ್ತ ಒಂದು ಹೋರಿ ನಿಂತಿರುತ್ತದೆ. ಸುತ್ತ ನಾಲ್ಕಾರು ಹುಡುಗರು. ಹೋರಿ ಬೆದರಿಸುವ ಸ್ಪರ್ಧೆಗೆ ಹೊರಟ ದಿಬ್ಬಣ ಅದು.

ಈ ದಿಬ್ಬಣವನ್ನು ಕಂಡಾಗಲೆಲ್ಲ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೋರಿಯ ಸುಳಿ, ಕೊಂಬು, ಗೊರಸು, ಬಾಲಗಳನ್ನು ತಿಂಗಳುಗಟ್ಟಲೆ ಅಳೆದು ತೂಗಿ ನೋಡಿ ಕೊಳ್ಳುವ ನಮ್ಮ ರೈತ, ಅದನ್ನು ಹೊತ್ತೊಯ್ಯುವ ಗಾಡಿಯನ್ನೂ ಅಷ್ಟೇ ಕಾಳಜಿಯಿಂದ ಆರಿಸುತ್ತಾನೆಯೇ? ಕೊಂಡ ಮೇಲೆ ಹೋರಿಯ ಮೈ ತಿಕ್ಕಿದಂತೆ ಗಾಡಿಯ ಮೈಯನ್ನೂ ನೋಡಿಕೊಳ್ಳುತ್ತಾನೆಯೇ? ಪ್ರಶ್ನೆ ಇಂದಿನದೆಂದು ತೋರಿದರೂ ಬಹಳ ಹಳೆಯದು. ಬೆಲೆಬಾಳುವ ಪ್ರಾಣಿಯೊಂದನ್ನು ದೂರದೂರಿಗೆ ನಾಲ್ಕು ಕಾಲಿನ ಮೇಲೆ ನಿಂತಿರುವಂತೆಯೇ ತಲಪಿಸುವುದು ಹೇಗೆ, ತಲಪದೆ ಹೋದರೆ ನಷ್ಟ ಯಾರದು? ಈ ಎರಡು ಮಾತುಗಳ ಸುತ್ತ ನಮ್ಮ ನಾಡಿನ ಇತಿಹಾಸದ ದೊಡ್ಡದೊಂದು ಪಾಲು ಹೆಣೆದುಕೊಂಡಿದೆ. ಅದನ್ನು ಮೊದಲಿನಿಂದ ನೋಡುತ್ತ ಬಂದರೆ ಇಂದಿನ ಪಿಕಪ್ ಗಾಡಿಯನ್ನು ಆರಿಸುವ ಜಾಣ್ಮೆಯೂ ತಾನಾಗಿಯೇ ಹೊಳೆಯುತ್ತದೆ.

ವಿರಾಟನ ಕೋಟೆಯಲ್ಲಿ

ಹಾನಗಲ್ಲಿಗೆ ಶಾಸನಗಳಲ್ಲಿ ಪಾನುಂಗಲ್ಲು ಎಂಬ ಹೆಸರಿನ ಜೊತೆಗೆ ವಿರಾಟನಗರ, ವಿರಾಟನ ಕೋಟೆ ಎಂಬ ಹೆಸರುಗಳೂ ಇವೆ. ಪಾಂಡವರು ಅಜ್ಞಾತವಾಸ ಕಳೆದ ಊರು ಇದೇ ಎಂದು ಇಲ್ಲಿಯ ಜನ ಇಂದಿಗೂ ನಂಬುತ್ತಾರೆ. ಆ ಕತೆಯಲ್ಲಿ ಭೀಮನ ಅಡುಗೆಮನೆ, ಅರ್ಜುನನ ನಾಟ್ಯಶಾಲೆಗಳನ್ನು ಎಲ್ಲರೂ ನೆನೆಯುತ್ತಾರೆ. ಕಿರಿಯರಿಬ್ಬರನ್ನು ನೆನೆಯುವವರು ಕಡಿಮೆ. ನಕುಲ ಗ್ರಂಥಿಕನೆಂಬ ಹೆಸರಿನಲ್ಲಿ ವಿರಾಟನ ಲಾಯದ ಕುದುರೆಗಳನ್ನು ನೋಡಿಕೊಂಡ. ಸಹದೇವ ತಂತಿಪಾಲನಾಗಿ ದನಗಳನ್ನು ಕಾಯ್ದ. ಅಜ್ಞಾತವಾಸ ಮುಗಿಯುವ ಹೊತ್ತಿಗೆ ಯುದ್ಧವಾದದ್ದು ರಾಜ್ಯಕ್ಕಾಗಿ ಅಲ್ಲ, ಹೊಡೆದುಕೊಂಡು ಹೋದ ದನಗಳಿಗಾಗಿ. ಕುದುರೆಯ ಜ್ಞಾನವೂ ದನದ ಜ್ಞಾನವೂ ಅರಸುಮಕ್ಕಳಿಗೆ ತಕ್ಕ ವಿದ್ಯೆಯೆಂದು ಆ ಕತೆ ಬಗೆಯಿತು.

ಕತೆಯ ಮಾತು ಹಾಗಿರಲಿ. ಈ ಸೀಮೆಯ ವೀರಗಲ್ಲುಗಳು ಹೇಳುವುದೂ ಅದನ್ನೇ. ತುರುಗೊಳ್ ಎಂದರೆ ದನಗಳ ಅಪಹರಣ. ಅವುಗಳನ್ನು ಬಿಡಿಸಿಕೊಳ್ಳಲು ಹೋಗಿ ಮಡಿದವರ ಕಲ್ಲುಗಳು ನಾಡಿನ ಈ ಭಾಗದಲ್ಲಿ ಹೇರಳವಾಗಿವೆ. ಕೆಳಗಿನ ಪಟ್ಟಿಕೆಯಲ್ಲಿ ಸಾಲಾಗಿ ನಿಂತ ದನಗಳು, ಅವುಗಳ ಮುಂದೆ ಬಿಲ್ಲು ಹಿಡಿದವನು, ಎದುರಿಗೆ ಕುದುರೆಯ ಮೇಲೆ ಬರುವ ಶತ್ರು. ಹಾನಗಲ್ಲಿನ ಕದಂಬರ ಮೇಲೆ ೧೧೯೬ರಲ್ಲಿ ಹೊಯ್ಸಳ ವೀರಬಲ್ಲಾಳ ದಂಡೆತ್ತಿ ಬಂದು ಆನೆಕೆರೆಯ ಬಳಿ ಬೀಡುಬಿಟ್ಟಾಗ ನಡೆದ ಕಾಳಗವೂ ಕಲ್ಲಿನ ಮೇಲೆ ಉಳಿದಿದೆ. ಆ ಕಾಲದಲ್ಲಿ ಸಾಗಣೆಯೆಂಬ ಪ್ರಶ್ನೆಯೇ ಇರಲಿಲ್ಲ. ದನವಾಗಲಿ ಕುದುರೆಯಾಗಲಿ ತನ್ನ ಕಾಲಿನ ಮೇಲೆ ತಾನೇ ನಡೆದು ಬರಬೇಕು. ಆದುದರಿಂದ ಪ್ರಾಣಿಯ ಲಕ್ಷಣವೇ ವಾಹನದ ಲಕ್ಷಣ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ೧೧೨೯ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಆನೆ ಕುದುರೆಗಳ ಲಕ್ಷಣ, ಅವುಗಳ ಪಾಲನೆಗಳನ್ನು ಅಷ್ಟೊಂದು ವಿಸ್ತಾರವಾಗಿ ಹೇಳಿರುವುದು ಬರಿಯ ವಿನೋದಕ್ಕಲ್ಲ.

ಬಾಲಕ್ಕೂ ಬೆಲೆ ಕೊಟ್ಟ ದೊರೆ

ಪ್ರಾಣಿಯನ್ನು ಹೊತ್ತು ತರುವ ಸಂಕಟ ನಮಗೆ ಮೊದಲು ಎದುರಾದದ್ದು ಸಮುದ್ರದ ಮೇಲೆ. ದಕ್ಷಿಣದ ಹವೆಯಲ್ಲಿ ಒಳ್ಳೆಯ ಯುದ್ಧದ ಕುದುರೆ ಬೆಳೆಯದು. ಅರಬಸ್ಥಾನದಿಂದ, ಪಾರಸಿ ಕೊಲ್ಲಿಯ ಹೊರ್ಮುಜ್‌ನಿಂದ ಹಡಗಿನಲ್ಲಿ ತರಿಸಬೇಕು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ಸೀಮೆಯನ್ನು ಕುರಿತು ಬರೆದ ಮಾರ್ಕೊ ಪೋಲೋ ಒಂದು ಸ್ವಾರಸ್ಯದ ಸಂಗತಿ ಹೇಳುತ್ತಾನೆ. ಆ ನಾಡಿನ ದೊರೆಗಳು ವರುಷ ವರುಷವೂ ಕುದುರೆಗಳನ್ನು ಕೊಳ್ಳುತ್ತಾರೆ. ಆದರೆ ಅವುಗಳನ್ನು ನೋಡಿಕೊಳ್ಳಲು, ಲಾಳ ಹೊಡೆಯಲು ಬಲ್ಲವರಿಲ್ಲದೆ ವರುಷ ತುಂಬುವುದರೊಳಗೆ ಬಹುಪಾಲು ಸಾಯುತ್ತವೆ. ಮಾರುವ ವರ್ತಕರು ಲಾಳ ಹೊಡೆಯುವವರನ್ನು ಜೊತೆಗೆ ತರುವುದೂ ಇಲ್ಲ, ಬರಗೊಡುವುದೂ ಇಲ್ಲ. ಕುದುರೆ ಸತ್ತಷ್ಟೂ ಅವರಿಗೆ ವ್ಯಾಪಾರ! ಸರಕು ಮಾರುವವನಿಗೂ ಅದರ ಪಾಲನೆ ಕಲಿಸುವವನಿಗೂ ಇರುವ ಈ ಹಳೆಯ ವಿರಸವನ್ನು ಇಂದು ಗಾಡಿ ಕೊಳ್ಳಹೋದವರೂ ಒಂದಿಷ್ಟು ಬಲ್ಲರು.

ವಿಜಯನಗರದ ಅರಸರ ಕಾಲಕ್ಕೆ ಈ ವ್ಯಾಪಾರ ಇನ್ನೂ ಬೆಳೆಯಿತು. ಭಟ್ಕಳ, ಹೊನ್ನಾವರ, ಗೋವೆಗಳಲ್ಲಿ ಇಳಿದ ಕುದುರೆಗಳು ಘಟ್ಟ ಹತ್ತಿ ಬಯಲಿಗೆ ಬರುತ್ತಿದ್ದವು. ಹೊರ್ಮುಜ್ ಕುದುರೆಗಳನ್ನೂ ನಾಡತಳಿಯವನ್ನೂ ಕೂಡಿಸಿ ವರುಷಕ್ಕೆ ೧೩,೦೦೦ವನ್ನು ಅರಸ ಕೊಳ್ಳುತ್ತಿದ್ದನೆಂದು ಪೋರ್ತುಗೀಜ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ. ಸಾಳುವ ನರಸಿಂಹನನ್ನು ಕುರಿತು ಅವನು ಹೇಳುವ ಮಾತಂತೂ ಮರೆಯುವಂಥದಲ್ಲ. ಕುದುರೆ ಬದುಕಿ ಬಂದರೂ ಸತ್ತರೂ ಆ ದೊರೆ ಬೆಲೆ ಕೊಡುತ್ತಿದ್ದನಂತೆ. ದಾರಿಯಲ್ಲಿ, ನಡುಗಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯ ಹಣವೇ ಕೈಗೆ ಬರುತ್ತಿತ್ತು.

ಇದನ್ನು ಓದಿ ದೊರೆಯ ದುಂದುಗಾರಿಕೆಯೆಂದು ನಗುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಅಲೆಗಳ ಮೇಲೆ ವಾರಗಟ್ಟಲೆ ತೂಗಾಡುವ ಹಡಗಿನಲ್ಲಿ ಕುದುರೆ ಸಾಯುವುದು ವರ್ತಕನ ತಪ್ಪೇ ಆಗಿರಬೇಕಿಲ್ಲ. ನಷ್ಟವೆಲ್ಲ ಅವನ ತಲೆಗೇ ಕಟ್ಟಿದರೆ ಮರುವರುಷ ಅವನು ಬೇರೆ ರೇವು ನೋಡಿಕೊಂಡಾನು. ಸಾಗಣೆಯ ಅಪಾಯವನ್ನು ದೊರೆ ತನ್ನ ಬೊಕ್ಕಸಕ್ಕೇ ಹಚ್ಚಿಕೊಂಡ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ವಿಮೆ. ದಾರಿಯಲ್ಲಿ ಪ್ರಾಣಿಗೆ ಆಗುವ ಕೇಡಿಗೂ ಒಂದು ಬೆಲೆಯಿದೆ, ಅದನ್ನು ಯಾರಾದರೊಬ್ಬರು ತೆರಲೇಬೇಕು ಎಂಬುದನ್ನು ಆತ ಬಲ್ಲವನಾಗಿದ್ದ.

ಸವಣೂರಿನ ಸವಾರರು, ಮೈಸೂರಿನ ಎತ್ತುಗಳು

ಕುದುರೆಯ ಹೆಸರಿನ ಮೇಲೆಯೇ ರಾಜ್ಯ ಕಟ್ಟಿದ ಊರು ನಮ್ಮ ಸವಣೂರು. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಪಠಾಣ ಸರದಾರ ಅಬ್ದುಲ್ ರೌಫ್ ಖಾನನು ಔರಂಗಜೇಬನಿಂದ ಬಂಕಾಪುರ, ತೊರಗಲ್ಲು, ಆಜಮನಗರ ಎಂದರೆ ಬೆಳಗಾವಿ, ಇವುಗಳ ಜಹಗೀರನ್ನು ಪಡೆದಾಗ ಅದರೊಡನೆ ಬಂದ ಪದವಿ ೭,೦೦೦ ಕುದುರೆಗಳದು. ಅಷ್ಟು ಕುದುರೆಗಳು ಎಂದೂ ಒಂದೇ ಲಾಯದಲ್ಲಿ ನಿಂತಿರಲಾರವು. ಅದು ಮರ್ಯಾದೆಯ ಅಂಕಿ. ಆದರೂ ಒಂದು ಲೆಕ್ಕ ಹಾಕಿ ನೋಡೋಣ. ಕುದುರೆಯೊಂದಕ್ಕೆ ದಿನಕ್ಕೆ ಎರಡೇ ಸೇರು ಹುರುಳಿಯೆಂದು ಹಿಡಿದರೂ ಆ ಅಂಕಿಗೆ ದಿನಕ್ಕೆ ೧೪,೦೦೦ ಸೇರು ಬೇಕು. ಹುಲ್ಲಿನ ಮಾತು ಬೇರೆ. ದಂಡು ನಡೆದರೆ ಆ ಹುರುಳಿಯೂ ಹಿಂದೆ ನಡೆಯಬೇಕು. ಹೊತ್ತು ನಡೆಯುವುದು ಯಾರು? ಎತ್ತು. ಲಂಬಾಣಿಗರ ಹೇರೆತ್ತುಗಳ ಮಂದೆಗಳು ಬೆನ್ನ ಮೇಲೆ ಧಾನ್ಯ ಹೊತ್ತು ದಂಡುಗಳ ಬೆನ್ನುಹತ್ತಿದವು. ವಿಜಯನಗರದ ಕಾಲದಲ್ಲಿಯೇ ಭಟ್ಕಳಕ್ಕೆ ವರುಷಕ್ಕೆ ಐದಾರು ಸಾವಿರ ಹೇರೆತ್ತುಗಳು ಬರುತ್ತಿದ್ದುದನ್ನು ಪೋರ್ತುಗೀಜ ಪ್ರವಾಸಿ ಪಾಯೆಸ್ ಕಂಡಿದ್ದ. ಕೀರ್ತಿ ಕುದುರೆಯದು, ಭಾರ ಎತ್ತಿನದು.

ಎತ್ತಿನ ಈ ಮಹತ್ವವನ್ನು ಎಲ್ಲರಿಗಿಂತ ಚೆನ್ನಾಗಿ ಅರಿತದ್ದು ಮೈಸೂರು. ಒಡೆಯರ ಬೆಣ್ಣೆಚಾವಡಿಯ ದನಗಳನ್ನು ಹೈದರಾಲಿ ದಂಡಿನ ಕೆಲಸಕ್ಕೆ ಹೂಡಿದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು ಕಟ್ಟಳೆಗಳನ್ನು ಮಾಡಿದ. ೧೭೮೧ರಲ್ಲಿ ಚಿದಂಬರದ ರಕ್ಷಣೆಗೆಂದು ಹೈದರ್ ಎರಡೂವರೆ ದಿನಗಳಲ್ಲಿ ೧೦೦ ಮೈಲಿ ದಾರಿ ಸವೆಸಿದ್ದು ಈ ಎತ್ತುಗಳ ಬಲದಿಂದ. ಟಿಪ್ಪು ೧೭೮೬ರಲ್ಲಿ ಸವಣೂರನ್ನು ಹಿಡಿದಾಗ ಕುದುರೆಯ ಪದವಿ ಹೊತ್ತ ನವಾಬರ ಊರು ಎತ್ತಿನ ಮರ್ಮ ಬಲ್ಲವನ ಕೈಗೆ ಬಂದಂತಾಯಿತು. ಮುಂದೆ ೧೮೦೦ರಲ್ಲಿ ಧೋಂಡಿಯಾ ವಾಘನ ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿಯ ದಂಡು ಮಳೆಗಾಲದಲ್ಲಿ ರಾಣೆಬೆನ್ನೂರು, ಸವಣೂರುಗಳ ಮೇಲೆ ಹಾದುಹೋಯಿತು. ಈ ಸೀಮೆಯ ಎರೆಮಣ್ಣಿನಲ್ಲಿ ಮಳೆಗಾಲದ ಗಾಲಿ ಎಂದರೆ ಏನೆಂಬುದು ಆತನಿಗೆ ಆಗ ತಿಳಿದಿರಬೇಕು. ೧೮೦೩ರ ಮರಾಠಾ ಯುದ್ಧಕ್ಕೆ ಹೊರಟಾಗ ಆತ ನೆಚ್ಚಿದ್ದೂ ಮೈಸೂರಿನ ಈ ಎತ್ತುಗಳನ್ನೇ.

ಕೀಲೆಣ್ಣೆಯ ಶಾಸ್ತ್ರ

ದಂಡುಗಳ ಕಾಲ ಮುಗಿಯಿತು. ಸವಣೂರು ಚಿಕ್ಕ ಸಂಸ್ಥಾನವಾಗಿ ಉಳಿದು ೧೯೪೮ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ೧೯೫೬ರಲ್ಲಿ ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಬಂತು. ೧೯೯೭ರಲ್ಲಿ ಧಾರವಾಡ ಜಿಲ್ಲೆ ಒಡೆದು ಹಾವೇರಿ ಜಿಲ್ಲೆಯಾಯಿತು. ಇಷ್ಟೆಲ್ಲ ಬದಲಾವಣೆಗಳ ನಡುವೆ ಬಹುಕಾಲ ಬದಲಾಗದೆ ಉಳಿದದ್ದು ಚಕ್ಕಡಿ. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ರೈಲು ಬಂದಿತು ನಿಜ. ಆದರೆ ಅದು ಯಲವಿಗಿ, ಕರಜಗಿ, ಹಾವೇರಿ, ಬ್ಯಾಡಗಿಗಳ ಮೇಲೆ ಸಾಗಿತೇ ಹೊರತು ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಊರುಗಳಿಗೆ ತಿರುಗಲಿಲ್ಲ. ಹತ್ತಿ, ಮೆಣಸಿನಕಾಯಿ, ಭತ್ತ, ಬೆಲ್ಲ ಎಲ್ಲವೂ ಚಕ್ಕಡಿಯಲ್ಲಿಯೇ ಪೇಟೆಗೆ ಹೋಗಬೇಕಾಗಿತ್ತು.

ಚಕ್ಕಡಿಯನ್ನು ಇಟ್ಟುಕೊಂಡವನು ಅದರ ಪಾಲನೆಯನ್ನು ಶಾಸ್ತ್ರದಂತೆ ಮಾಡುತ್ತಿದ್ದ. ದೂರದ ದಾರಿಗೆ ಮೊದಲು ಗಾಲಿ ಕಳಚಿ ಅಚ್ಚಿಗೆ ಕೀಲೆಣ್ಣೆ ಹಚ್ಚಬೇಕು. ಕಡಾಣಿ ಸವೆದಿದೆಯೇ ನೋಡಬೇಕು. ಬೇಸಗೆಯಲ್ಲಿ ಕಟ್ಟಿಗೆ ಒಣಗಿ ಕಬ್ಬಿಣದ ಹಳಿ ಸಡಿಲಾದರೆ ಕಮ್ಮಾರನ ಸಾಲೆಗೆ ಒಯ್ದು, ಹಳಿಯನ್ನು ಬೆಂಕಿಯಲ್ಲಿ ಕಾಯಿಸಿ ಏರಿಸಿ, ನೀರು ಹೊಯ್ದು ಬಿಗಿಸಬೇಕು. ಎತ್ತಿನ ಗೊರಸಿಗೆ ಲಾಳ ಕಟ್ಟಿಸಬೇಕು. ನೊಗ ಹೆಗಲನ್ನು ಉಜ್ಜಿ ಹುಣ್ಣು ಮಾಡದಂತೆ ನೋಡಬೇಕು. ಗಮನಿಸಿ: ಇಲ್ಲಿ ಗಾಡಿಯ ಪಾಲನೆ ಎಲ್ಲಿ ಮುಗಿಯಿತು, ಪ್ರಾಣಿಯ ಪಾಲನೆ ಎಲ್ಲಿ ತೊಡಗಿತು ಎಂದು ಗೆರೆ ಎಳೆಯಲು ಬಾರದು. ಎಣ್ಣೆಯಿಲ್ಲದ ಅಚ್ಚಿನ ಸಂಕಟ ಎತ್ತಿನ ಹೆಗಲಿಗೆ, ಎತ್ತಿನ ಕುಂಟು ಗಾಡಿಯ ಓಟಕ್ಕೆ. ಎರಡೂ ಒಂದೇ ಜೀವವೆಂಬಂತೆ ರೈತ ನೋಡಿಕೊಂಡ.

ಲಾರಿ ಬಂದ ಮೇಲೆ ಈ ನಂಟು ಹರಿಯತೊಡಗಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಲಾರಿಗಳು ಹೆಚ್ಚಿದವು. ೧೯೫೪ರಲ್ಲಿ ಜಮ್‌ಶೇಡ್‌ಪುರದಲ್ಲಿ ಟಾಟಾ ಮರ್ಸಿಡಿಸ್ ಬೆಂಜ್ ಲಾರಿ ಹೊರಬಿತ್ತು. ಚಕ್ಕಡಿಯ ಸರಕು ಲಾರಿಗೆ ಹೋಯಿತು. ಟ್ರ್ಯಾಕ್ಟರು ಬಂದು ನೇಗಿಲನ್ನೂ ಕಸಿದುಕೊಂಡಿತು. ಕೆಲಸ ಕಳೆದುಕೊಂಡ ಎತ್ತು ಊರು ಬಿಟ್ಟು ಹೋಗಬೇಕಾಗಿತ್ತು. ಹಾವೇರಿ ಸೀಮೆಯಲ್ಲಿ ಅದನ್ನು ಹಿಡಿದು ನಿಲ್ಲಿಸಿದ್ದು ಒಂದು ಹಬ್ಬ.

ಕೊಬ್ಬರಿ ಹೋರಿ

ಬಲಿಪಾಡ್ಯಮಿಯಂದು ದನಗಳ ಮೈತೊಳೆದು, ಸಿಂಗರಿಸಿ, ಊರ ನಡುವೆ ಓಡಿಸುವ ರೂಢಿ ನಮ್ಮಲ್ಲಿ ಹಳೆಯದು. ಹಾವೇರಿ ಜಿಲ್ಲೆಯಲ್ಲಿ, ನೆರೆಯ ಶಿಕಾರಿಪುರ ಸೊರಬಗಳಲ್ಲಿ ಅದು ಕೊಬ್ಬರಿ ಹೋರಿಯ ಹಬ್ಬವಾಗಿ ಬೆಳೆದಿದೆ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟುತ್ತಾರೆ. ಜೂಲ, ರಿಬ್ಬನ್ನು, ಬಲೂನುಗಳಿಂದ ಸಿಂಗರಿಸಿ ಜನರ ನಡುವಿನ ಅಖಾಡಕ್ಕೆ ಬಿಡುತ್ತಾರೆ. ಅದು ಓಡುತ್ತಿರುವಾಗ ಮೈಮೇಲೆ ಬಿದ್ದು ಕೊಬ್ಬರಿ ಹರಿಯುವುದು ಹುಡುಗರ ಸಾಹಸ. ಯಾರ ಕೈಗೂ ಕೊಬ್ಬರಿ ಕೊಡದೆ ಪಾರಾಗುವುದು ಹೋರಿಯ ಹಿರಿಮೆ. ಗೆದ್ದರೆ ಬಂಗಾರ, ಮೋಟಾರು ಸೈಕಲ್ಲುಗಳ ಬಹುಮಾನವುಂಟು. ಓಟದಲ್ಲಿ ಸಿಕ್ಕು ಪ್ರಾಣ ಕಳೆದುಕೊಂಡವರೂ ಇದ್ದಾರೆ; ಆ ನೋವನ್ನು ಮರೆಮಾಚುವುದು ಸಲ್ಲದು. ಪ್ರಾಣಿಗಳನ್ನು ಓಡಿಸಿ ಆಡುವ ಇಂಥ ಆಟಗಳನ್ನು ಕುರಿತ ತಕರಾರು ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ೨೦೧೪ರಲ್ಲಿ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿಯ ಓಟಗಳಿಗೆ ತಡೆ ಬಿತ್ತು. ಕರ್ನಾಟಕ ೨೦೧೭ರಲ್ಲಿ ಕಾಯಿದೆಗೆ ತಿದ್ದುಪಡಿ ಮಾಡಿ ಕಂಬಳಕ್ಕೂ ಎತ್ತಿನ ಓಟಕ್ಕೂ ದಾರಿ ಮಾಡಿಕೊಟ್ಟಿತು. ೨೦೨೩ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಈ ವಾದವಿವಾದಗಳಲ್ಲಿ ಅಖಾಡದೊಳಗಿನ ಓಟದ ಮಾತೇ ಎಲ್ಲ. ಅಖಾಡಕ್ಕೆ ಬರುವ ದಾರಿಯನ್ನು ಕುರಿತು ಮಾತನಾಡಿದವರು ಕಡಿಮೆ. ಹೋರಿ ಅಖಾಡದಲ್ಲಿ ಇರುವುದು ಕೆಲವೇ ನಿಮಿಷ. ಗಾಡಿಯಲ್ಲಿ ಇರುವುದು ಗಂಟೆಗಟ್ಟಲೆ. ಇಂದು ಹಾನಗಲ್ಲ ತಾಲ್ಲೂಕಿನ ಒಂದು ಹಳ್ಳಿ, ನಾಲ್ಕು ದಿನ ಬಿಟ್ಟು ಹಿರೇಕೆರೂರಿನ ಕಡೆ, ಮತ್ತೆ ಶಿಕಾರಿಪುರ. ನಡೆಸಿಕೊಂಡು ಹೋದರೆ ಹೋರಿ ದಣಿಯುತ್ತದೆ, ಡಾಂಬರು ರಸ್ತೆಯಲ್ಲಿ ಗೊರಸು ಸವೆಯುತ್ತದೆ. ಆದುದರಿಂದ ಗಾಡಿ ಬೇಕೇ ಬೇಕು.

ಗಾಡಿಯ ಸುಳಿ

ದೊಡ್ಡ ಲಾರಿಗೆ ಒಂದು ಹೋರಿ ಏರಿಸುವುದು ಕೈಗೆಟುಕುವ ಮಾತಲ್ಲ. ಅದರ ತೊಟ್ಟಿ ಆಳೆತ್ತರಕ್ಕೆ ಸಮೀಪವಿದ್ದು ಹತ್ತಿಸುವುದೂ ಇಳಿಸುವುದೂ ಕಷ್ಟ. ೨೦೦೫ರಲ್ಲಿ ಟಾಟಾ ಏಸ್ ಬಂದಾಗ ಪರಿಸ್ಥಿತಿ ಬದಲಾಯಿತು. ಎರಡು ಸಿಲಿಂಡರಿನ, ೭೦೨ ಸಿಸಿ ಅಳತೆಯ ಚಿಕ್ಕ ಡೀಸೆಲ್ ಇಂಜಿನ್ನು, ಮುಕ್ಕಾಲು ಟನ್ನು ಹೊರುವ ಶಕ್ತಿ, ಹಳ್ಳಿಯ ಓಣಿಯಲ್ಲಿ ತಿರುಗುವ ಮೈಕಟ್ಟು. ಜನ ಅದಕ್ಕೆ ಛೋಟಾ ಹಾಥಿ ಎಂದು ಹೆಸರಿಟ್ಟರು. ಅದಕ್ಕಿಂತ ದೊಡ್ಡದಾದ, ಒಂದರಿಂದ ಒಂದೂವರೆ ಟನ್ನಿನ ಮೇಲೆ ಹೊರುವ ಮಹೀಂದ್ರ ಬೊಲೆರೊ ಪಿಕಪ್ಪಿನಂಥ ಗಾಡಿಗಳೂ ಊರೂರಿಗೆ ಬಂದವು. ಇವುಗಳ ತೊಟ್ಟಿ ತಗ್ಗು. ಕೆರೆಯ ಏರಿಯೋ ಹೊಲದ ಬದುವೋ ಸಿಕ್ಕರೆ ಗಾಡಿಯನ್ನು ಅದಕ್ಕೆ ಆನಿಸಿ ಹೋರಿಯನ್ನು ಸಲೀಸಾಗಿ ಹತ್ತಿಸಬಹುದು.

ಹೋರಿಗೆ ಸುಳಿ ನೋಡುವಂತೆ ಗಾಡಿಗೆ ಏನು ನೋಡಬೇಕು? ಮೊದಲನೆಯದು ಜಾಗ. ಪ್ರಾಣಿ ಸಾಗಣೆಯ ೧೯೭೮ರ ನಿಯಮಗಳಿಗೆ ಆಮೇಲೆ ಸೇರಿಸಿದ ಅಳತೆಯಂತೆ ೪೦೦ ಕಿಲೋಗ್ರಾಂ ಮೀರಿದ ದನಕ್ಕೆ ಎರಡು ಚದರ ಮೀಟರು, ಎಂದರೆ ಸುಮಾರು ಇಪ್ಪತ್ತೊಂದೂವರೆ ಚದರ ಅಡಿ ಜಾಗ ಬೇಕು. ಮೈತುಂಬಿದ ಹೋರಿ ಆ ತೂಕ ಮೀರುವುದು ಸಹಜ. ಚಿಕ್ಕ ಗಾಡಿಯ ತೊಟ್ಟಿ ಏಳು ಅಡಿ ಉದ್ದ, ಐದು ಅಡಿಗೆ ಕೊಂಚ ಕಡಿಮೆ ಅಗಲ. ಒಟ್ಟು ಮೂವತ್ತಮೂರು ಚದರ ಅಡಿಯ ಆಸುಪಾಸು. ಒಂದು ಹೋರಿ, ಅದನ್ನು ಹಿಡಿದು ನಿಲ್ಲುವ ಒಬ್ಬ ಆಳು, ಅಲ್ಲಿಗೆ ತೀರಿತು. ಜೋಡಿ ಹೋರಿ ಒಯ್ಯುವವರಿಗೆ ಒಂಬತ್ತು ಅಡಿ ಉದ್ದದ ತೊಟ್ಟಿಯೇ ಬೇಕು.

ಎರಡನೆಯದು ಭಾರ. ಹೋರಿಯ ತೂಕವನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಅಭಿಮಾನಿಗಳ ತೂಕವನ್ನು ಯಾರೂ ಹಾಕುವುದಿಲ್ಲ. ಮುಕ್ಕಾಲು ಟನ್ನಿನ ಗಾಡಿಗೆ ನಾಲ್ಕೂವರೆ ನೂರು ಕಿಲೋಗ್ರಾಂ ಹೋರಿ ಹತ್ತಿದ 뒤 ಉಳಿಯುವುದು ಮುನ್ನೂರು. ಅದರಲ್ಲಿ ಹಲಗೆ, ಮೇವು, ನೀರು ಕಳೆದರೆ ಹತ್ತು ಹುಡುಗರಿಗೆ ಎಡೆಯೆಲ್ಲಿ? ಸರಕಿನ ಗಾಡಿಯಲ್ಲಿ ಜನರನ್ನು ತುಂಬುವುದು ಕಾನೂನಿಗೂ ವಿರುದ್ಧ. ಅಲ್ಲದೆ ಜೀವದ ಭಾರ ಚೀಲದ ಭಾರದಂತಲ್ಲ. ಹಾನಗಲ್ಲಿನ ರಸ್ತೆಯಲ್ಲಿ ಚಹದ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ್ದ ಚಾಲಕನೊಬ್ಬ ನನಗೆ ಇದನ್ನು ಒಂದೇ ಮಾತಿನಲ್ಲಿ ತಿಳಿಸಿದ: "ಗ್ವಾಂಜಾಳದ ಚೀಲ ಹಾಕಿದಲ್ಲೇ ಕುಂದರ್ತೈತ್ರಿ ಸರ. ಹೋರಿ ಹಂಗಲ್ಲ, ಅದು ಕಾಲು ಬದಲಿ ಮಾಡಿದ್ರ ನನ್ನ ಕೈಯಾಗಿನ ಸ್ಟೇರಿಂಗಿಗೆ ಗೊತ್ತಾಗ್ತೈತಿ." ತೊಟ್ಟಿಯ ಮೇಲೆ ಎತ್ತರದಲ್ಲಿ ನಿಂತ ಭಾರ ತಿರುವಿನಲ್ಲಿ ಒಂದು ಬದಿಗೆ ವಾಲಿದರೆ ಗಾಡಿಯೂ ವಾಲುತ್ತದೆ. ಆದುದರಿಂದ ಪಾಟಾಗಳು ಗಟ್ಟಿಯಿರಬೇಕು, ನಾಲ್ಕೂ ಟೈರಿನ ಗಾಳಿ ಸಮನಿರಬೇಕು, ಬ್ರೇಕು ಒಂದು ಬದಿಗೆ ಎಳೆಯಬಾರದು. ಮತ್ತು ಚಾಲಕನ ಕಾಲು ಮೆತ್ತಗಿರಬೇಕು.

ಮೂರನೆಯದು ನೆಲ. ನನ್ನ ಎಣಿಕೆಯಲ್ಲಿ ಇದೇ ಎಲ್ಲಕ್ಕೂ ಮುಖ್ಯ. ತೊಟ್ಟಿಯ ತಗಡು ನುಣುಪು. ಅದರ ಮೇಲೆ ಸಗಣಿ ಗಂಜಲ ಬಿದ್ದರೆ ಜಾರುಬಂಡೆ. ಜಾರಿ ಬಿದ್ದು ಕಾಲು ಮುರಿದುಕೊಂಡ ಹೋರಿ ಮತ್ತೆ ಮೊದಲಿನಂತಾಗುವುದು ದುರ್ಲಭ. ವರುಷಗಟ್ಟಲೆ ಮಗನಂತೆ ಸಾಕಿದ ಜೀವ ಒಂದು ತಿರುವಿನಲ್ಲಿ ಮೂಲೆ ಸೇರುತ್ತದೆ. ಆದುದರಿಂದ ಅಡ್ಡಪಟ್ಟಿ ಹೊಡೆದ ಮರದ ಹಲಗೆ ಹಾಸಿ, ಮೇಲೆ ತೆಂಗಿನ ನಾರಿನ ಚಾಪೆಯನ್ನೋ ಹುಲ್ಲನ್ನೋ ಹರಡಬೇಕು. ಬದಿಯ ತಗಡುಗಳು ತಗ್ಗಾದುದರಿಂದ ಮೇಲೆ ಕಟಾಂಜನ ಕಟ್ಟಿಸಿ, ಒಳಬದಿಗೆ ಗೋಣಿಯ ಮೆತ್ತೆ ಸುತ್ತಬೇಕು. ಮೂಗುದಾಣವನ್ನು ಕಂಬಿಗೆ ಬಿಗಿಯಬಾರದು. ಬ್ರೇಕು ಹಾಕಿದ ಕೂಡಲೆ ಮೂಗು ಹರಿದೀತು. ಕೊರಳ ಹಗ್ಗವನ್ನು, ಎಳೆದೊಡನೆ ಬಿಚ್ಚುವ ಗಂಟಿನಿಂದ ಕಟ್ಟಬೇಕು. ಮನೆಗೆ ಬಂದ ಮೇಲೆ ಹಲಗೆ ತೆಗೆದು ತೊಟ್ಟಿಯನ್ನು ತೊಳೆಯುವುದು ಅದೇ ದಿನ ಆಗಬೇಕು. ಗಂಜಲ ನಿಂತಲ್ಲಿ ತಗಡು ತುಕ್ಕು ಹಿಡಿಯುತ್ತದೆ. ಮೇಲೆ ಬಣ್ಣ ಹೊಳೆಯುತ್ತಿದ್ದರೂ ಕೆಳಗಿನಿಂದ ನೆಲ ಲಡ್ಡಾಗಿ ಒಂದು ದಿನ ಗೊರಸು ಒಳಗಿಳಿಯುತ್ತದೆ. ಇಂಜಿನ್ನಿನ ಎಣ್ಣೆ ಬದಲಿಸಿದ ದಿನವನ್ನು ಗ್ಯಾರೇಜಿನವನು ಬರೆದಿಡುತ್ತಾನೆ. ನೆಲದ ಲೆಕ್ಕವನ್ನು ಬರೆದಿಡಬೇಕಾದವನು ಹೋರಿಯ ಒಡೆಯ.

ಎಡಕ್ಕೆ ಮುಖ, ಮುಂದಕ್ಕೆ ಮುಖ

ಇದರಲ್ಲಿ ಬಹುಪಾಲು ನಾನು ಹೊಸದಾಗಿ ಹೇಳುತ್ತಿರುವುದಲ್ಲ. ೧೯೬೦ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ಬಂದ ೧೯೭೮ರ ಸಾಗಣೆ ನಿಯಮಗಳನ್ನು ಓದಿದರೆ, ಬರೆದವರಲ್ಲಿ ನಕುಲ ಸಹದೇವರ ವಿದ್ಯೆ ಬಲ್ಲವರಿದ್ದರೆಂದು ತೋರುತ್ತದೆ. ದನ ಒಯ್ಯುವ ಗಾಡಿಯಲ್ಲಿ ಜಾರದ ನೆಲವಿರಬೇಕು, ತಗ್ಗಾದ ಬದಿಯನ್ನು ಎತ್ತರಿಸಬೇಕು, ಆರಕ್ಕಿಂತ ಹೆಚ್ಚು ದನ ತುಂಬಬಾರದು, ಬೇರೆ ಸರಕು ಹೇರಬಾರದು, ಜೊತೆಗೆ ಒಬ್ಬ ಆಳಿರಬೇಕು, ಬೆದರದಂತೆ ಅವುಗಳ ಮುಖ ಇಂಜಿನ್ನಿನ ಕಡೆಗಿರುವುದು ಲೇಸು. ಕುದುರೆಯ ಕಟ್ಟಳೆ ಬೇರೆ. ಎದುರು ಬರುವ ಗಾಡಿಗಳನ್ನು ಕಂಡು ಬೆಚ್ಚದಂತೆ ಅದರ ಮುಖವನ್ನು ಎಡಕ್ಕೆ ತಿರುಗಿಸಿ ನಿಲ್ಲಿಸಬೇಕು. ಎರಡು ಕುದುರೆಗಳ ನಡುವೆ ಎಂಟು ಸೆಂಟಿಮೀಟರಿಗೆ ಕಡಿಮೆಯಿಲ್ಲದ ದಪ್ಪದ ಬಿದಿರು ಕಟ್ಟಬೇಕು. ವೇಗ ಗಂಟೆಗೆ ೩೫ ಕಿಲೋಮೀಟರು ಮೀರಬಾರದು. ೨೦೧೫ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೂ ತಿದ್ದುಪಡಿಯಾಗಿ, ೨೦೧೬ರಿಂದ ದನ ಎಮ್ಮೆಗಳಿಗೆ ತಲೆಗೆ ಎರಡು, ಕುದುರೆಗೆ ಎರಡೂಕಾಲು ಚದರ ಮೀಟರು ಜಾಗವೆಂದು ಗೊತ್ತುಮಾಡಲಾಯಿತು. ಒಂದೇ ಗಾಡಿ, ಆದರೆ ಹೊರುವ ಜೀವದ ಸ್ವಭಾವಕ್ಕೆ ತಕ್ಕಂತೆ ಅದರ ಏರ್ಪಾಡು ಬೇರೆ. ಗಾಡಿಯ ಕಂಪನಿ ಎಷ್ಟೇ ದೊಡ್ಡದಿರಲಿ, ಈ ಕೊನೆಯ ಏರ್ಪಾಡನ್ನು ಅದು ಮಾಡಿಕೊಡುವುದಿಲ್ಲ. ಅದು ಒಡೆಯನ ಕೈಗೇ ಉಳಿದ ಕೆಲಸ.

ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಕೋಟೆಯನ್ನು ಈ ವಿಚಾರದಲ್ಲಿ ನಾನು ಮತ್ತೆ ಮತ್ತೆ ನೆನೆಯುತ್ತೇನೆ. ೧೫೭೩ರಲ್ಲಿ ಬಿಜಾಪುರದ ಅಲಿ ಆದಿಲ್‌ಶಾಹಿ ಅದನ್ನು ಗೆದ್ದ; ಆಮೇಲೆ ಅದು ಸವಣೂರಿನವರ ಜಹಗೀರಿಗೆ ಬಂತು. ಎಷ್ಟು ದಂಡಿನ ಕುದುರೆಗಳು ಅದರ ಬಾಗಿಲಲ್ಲಿ ಹಾದುಹೋದವೋ! ಇಂದು ಅದೇ ಕೋಟೆಯ ಆವರಣದಲ್ಲಿ ಸರಕಾರದ ಖಿಲಾರಿ ತಳಿಯ ದನಗಳ ಸಂವರ್ಧನ ಕೇಂದ್ರವಿದೆ. ೨೦೦೬ರಲ್ಲಿ ನವಿಲುಧಾಮವೆಂದೂ ಸಾರಲಾಗಿದೆ. ದನದ ಮೇವು ಬೆಳೆಯುವ ಹೊಲಗಳಲ್ಲಿ ನವಿಲು ಮೇಯುತ್ತದೆ. ಕುದುರೆಯೇರಿ ಮೆರೆದವರು ಹೋದರು. ಎಲ್ಲರ ಭಾರ ಹೊತ್ತ ಎತ್ತು ಉಳಿಯಿತು. ಉಳಿದ ಅದಕ್ಕೆ ಈಗ ನಾವು ಸವಾರಿ ಕೊಡಿಸುತ್ತಿದ್ದೇವೆ. ಹೊತ್ತ ಋಣವನ್ನು ತೀರಿಸುವ ರೀತಿ ಇದೇ ಆಗಿದ್ದರೆ, ಸವಾರಿ ಅದಕ್ಕೆ ತಕ್ಕಂತಿರಬೇಡವೇ?

ಸಾಳುವ ನರಸಿಂಹನಂತೆ ಬಾಲ ತೋರಿಸಿದರೆ ಹಣ ಎಣಿಸುವ ದೊರೆ ಇಂದು ಇಲ್ಲ. ದಾರಿಯಲ್ಲಿ ಹೋರಿಗೆ ಆದ ಕೇಡು ಪೂರ್ತಿಯಾಗಿ ಹೋರಿಯದು, ಅದರ ಹಿಂದೆ ಕಣ್ಣೀರಿಡುವ ಮನೆಯವರದು. ನಮ್ಮ ಪಂಚಾಂಗವೇ ಇದಕ್ಕೊಂದು ಅನುಕೂಲ ಮಾಡಿಕೊಟ್ಟಿದೆ. ಮಹಾನವಮಿಗೆ ಆಯುಧಪೂಜೆ, ಅಂದು ಗಾಡಿಗೆ ಕುಂಬಳಕಾಯಿ ಒಡೆದು ಹೂವಿನ ಹಾರ ಹಾಕುತ್ತೇವೆ. ಬಲಿಪಾಡ್ಯಮಿಗೆ ದನದ ಪೂಜೆ; ಅಂದು ಹೋರಿಗೆ ಹಾರ. ಈ ಎರಡು ಹಾರಗಳ ನಡುವೆ ಸುಮಾರು ಮೂರು ವಾರಗಳ ಬಿಡುವಿದೆ. ಹಲಗೆ ಬದಲಿಸಲು, ಪಾಟಾ ತೋರಿಸಲು, ಕಟಾಂಜನಕ್ಕೆ ಮೆತ್ತೆ ಸುತ್ತಲು ಅಷ್ಟು ದಿನ ಧಾರಾಳವಾಗಿ ಸಾಕು.